ತೋಟದ ಮನೆಯಲ್ಲಿ ಮೊಬೈಲ್ ಸಿಗ್ನಲ್ ಹುಡುಕುವುದು ಹೀಗೆ

ಶಿರಸಿ ಕಡೆ ತೋಟದ ಪಕ್ಕ ಮನೆ ಇರುವವರಿಗೆ ಈ ಕಷ್ಟ ಹೇಳಬೇಕಿಲ್ಲ. ಮನೆ ತಗ್ಗಿನಲ್ಲಿ, ಸುತ್ತ ಬೆಟ್ಟ, ಟವರ್ ಎಲ್ಲೋ ಗುಡ್ಡದ ಆಚೆ. 2020ರಲ್ಲಿ ಆನ್‌ಲೈನ್ ಕ್ಲಾಸಿಗೆ ಮಕ್ಕಳು ಕೊಡೆ ಹಿಡಿದು ಗುಡ್ಡ ಹತ್ತಿದ್ದು ನೆನಪಿದೆ ಅಲ್ವಾ? ಏನನ್ನೂ ಕೊಳ್ಳುವ ಮೊದಲು ಅಳೆಯಿರಿ. ಇದನ್ನೇ ಒತ್ತಿ ಹೇಳಬೇಕು ಅನಿಸಿ ಬರೆಯುತ್ತಿದ್ದೇನೆ.

ಫೋನಿನ ಪರದೆಯ ಮೇಲ್ತುದಿಯಲ್ಲಿ ಕಾಣುವ ಸಿಗ್ನಲ್ ಕಡ್ಡಿಗಳನ್ನು ನಂಬಬೇಡಿ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್, ಅದರೊಳಗೆ ಸಿಮ್ ಸ್ಟೇಟಸ್ ಅಂತ ಇರುತ್ತದೆ. ಅಲ್ಲಿ ಮೈನಸ್ ಚಿಹ್ನೆಯ ಜೊತೆ ಒಂದು ಸಂಖ್ಯೆ, ಮುಂದೆ ಡಿಬಿಎಂ (dBm), ಅಂದರೆ ಸಿಗ್ನಲ್ ಶಕ್ತಿಯ ಅಳತೆ. 4ಜಿಯಲ್ಲಿ -85 ಅಂದರೆ ಚೆನ್ನಾಗಿದೆ, -110 ಅಂದರೆ ಹೇಗೋ ನಡೆಯುತ್ತದೆ, -120 ಹತ್ತಿರ ಹೋದರೆ ಮಾತು ಕಡಿಯುತ್ತದೆ. 10 ಕಡಿಮೆಯಾದರೆ ಶಕ್ತಿ ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತು ಅಂತ ಲೆಕ್ಕ. ನಮ್ಮ ಮನೆಯ ಜಗಲಿಯಲ್ಲಿ -118, ಹಿಂದಿನ ದರೆಯ (ಮಣ್ಣಿನ ದಿಬ್ಬದ) ಮೇಲೆ -101. ನಡುವೆ ಇಪ್ಪತ್ತು ಹೆಜ್ಜೆಯೂ ಇಲ್ಲ, ಆದರೆ ಸಿಗ್ನಲ್ ಐವತ್ತು ಪಟ್ಟು ಜಾಸ್ತಿ!

ಒಂದು ಕಾಗದ ಹಿಡಿದು ಜಗಲಿ, ಅಟ್ಟ, ಹಿತ್ತಿಲು, ಕೊಟ್ಟಿಗೆ ಹೀಗೆ ಎಲ್ಲ ಕಡೆ ಬರೆದುಕೊಳ್ಳಿ. ಪ್ರತಿ ಜಾಗದಲ್ಲೂ ಹತ್ತಿಪ್ಪತ್ತು ಸೆಕೆಂಡ್ ಸುಮ್ನೆ ನಿಲ್ಲಿ, ಸಂಖ್ಯೆ ನಿಧಾನ ಬದಲಾಗುತ್ತದೆ. ಫೋನನ್ನು ಮೈಯಿಂದ ದೂರ ಹಿಡಿಯಿರಿ, ನಮ್ಮ ಮೈಯೂ ಟವರಿನಿಂದ ಬರುವ ತರಂಗವನ್ನು ಹೀರುತ್ತದೆ. ಒಂದು ಗೇಣು ಆಚೆ ಈಚೆ ಸರಿಸಿಯೂ ನೋಡಿ. 900 ಮೆಗಾಹರ್ಟ್ಸ್ ತರಂಗದ ಉದ್ದ ಸುಮಾರು 33 ಸೆಂಟಿಮೀಟರ್, 1800ರದ್ದು ಅದರ ಅರ್ಧ. ಬೆಟ್ಟಕ್ಕೆ, ಗೋಡೆಗೆ ಬಡಿದು ಬಂದ ತರಂಗಗಳು ಒಂದು ಕಡೆ ಸೇರಿ ಬಲವಾಗುತ್ತವೆ, ಪಕ್ಕದಲ್ಲೇ ಒಂದನ್ನೊಂದು ಅಳಿಸಿಬಿಡುತ್ತವೆ. ಕಿಟಕಿಯ ಒಂದು ಮೂಲೆಯಲ್ಲಿ ಮಾತ್ರ ಫೋನ್ ಬರುವುದಕ್ಕೆ ಇದೂ ಒಂದು ಕಾರಣ.

ತಗಡಿನ ಬಗ್ಗೆ ಒಂದು ಮಾತು. ಮಳೆಗಾಲಕ್ಕೆ ಅಂತ ಅಂಗಳದ ಮೇಲೆ ತಗಡಿನ ಶೀಟ್ ಹಾಕಿಸಿದೆವು, ಜಗಲಿಯಲ್ಲಿ ಇದ್ದಷ್ಟು ಸಿಗ್ನಲ್ಲೂ ಹೋಯಿತು. ಟವರ್ ಹಾಳಾಗಿದೆ ಅಂತ ಎರಡು ವಾರ ಕಾದೆ. ಲೋಹ ಈ ತರಂಗಗಳನ್ನು ಕನ್ನಡಿಯ ಹಾಗೆ ಹಿಂದಕ್ಕೆ ಕಳಿಸುತ್ತದೆ, ಟವರ್ ಇರುವ ದಿಕ್ಕಿಗೇ ಶೀಟ್ ಇಳಿಬಿಟ್ಟರೆ ಮುಗಿಯಿತು. ಮಳೆ ಹನಿಯಿಂದ ಮೊಬೈಲಿಗೆ ಅಷ್ಟೇನೂ ತೊಂದರೆ ಇಲ್ಲ, ಒದ್ದೆಯಾದ ಎಲೆಗಳಿಂದ ಇದೆ. ಡಿಶ್ ಟಿವಿಯ ತರಂಗ ಮಾತ್ರ ತೀರಾ ಚಿಕ್ಕದು, ಎರಡೂವರೆ ಸೆಂಟಿಮೀಟರ್ ಆಸುಪಾಸು, ಅದಕ್ಕೇ ಜೋರು ಮಳೆಗೆ ಚಿತ್ರ ನಿಂತುಬಿಡುತ್ತದೆ.

ಬೇರೆ ಬೇರೆ ಕಂಪನಿಯ ಸಿಮ್ ಇರುವ ಪಕ್ಕದ ಮನೆಯವರನ್ನು ಕರೆದು ಅದೇ ಜಾಗಗಳಲ್ಲಿ ಅಳೆಯಿರಿ. ಎಲ್ಲ ಕಂಪನಿಯ ಟವರೂ ಒಂದೇ ಬ್ಯಾಂಡಿನಲ್ಲಿ (ತರಂಗದ ಮೆಗಾಹರ್ಟ್ಸ್ ಪಟ್ಟಿಯಲ್ಲಿ) ಇರುವುದಿಲ್ಲ. 700, 850, 900ರಂಥ ಕಡಿಮೆ ಬ್ಯಾಂಡ್‌ಗಳು ಗುಡ್ಡದ ಅಂಚು ಬಳಸಿ ಬರುವುದರಲ್ಲಿ, ಮರಗಳ ನಡುವೆ ನುಗ್ಗುವುದರಲ್ಲಿ 2300ಕ್ಕಿಂತ ಮೇಲು.

ಒಳ್ಳೆಯ ಜಾಗ ಸಿಕ್ಕಿತಾ? ಅಲ್ಲೊಂದು ಕಂಬ ನೆಟ್ಟು ಹೊರಗಿಡುವಂಥ, ಸಿಮ್ ಹಾಕುವ 4ಜಿ ರೂಟರ್ ಕಟ್ಟಿ. ಆಂಟೆನಾ ಮಾತ್ರ ಮೇಲಿಟ್ಟು ಉದ್ದದ ಆಂಟೆನಾ ಕೇಬಲ್ ಎಳೆಯಬೇಡಿ, ಸಿಕ್ಕ ಸಿಗ್ನಲ್ ಕೇಬಲ್ಲಿನಲ್ಲೇ ಕರಗುತ್ತದೆ. ಅದರ ಬದಲು ರೂಟರಿನಿಂದ ಮನೆಗೆ ಲ್ಯಾನ್ ಕೇಬಲ್ ಎಳೆಯಿರಿ, ಅದು 100 ಮೀಟರ್ ತನಕ ನಡೆಯುತ್ತದೆ, ಪಿಒಇ ಅನ್ನುವ ಸೌಲಭ್ಯ ಇರುವ ರೂಟರ್ ಆದರೆ ಕರೆಂಟೂ ಅದರಲ್ಲೇ ಹೋಗುತ್ತದೆ. ಮನೆಯೊಳಗೆ ಒಂದು ವೈಫೈ ಪೆಟ್ಟಿಗೆ ಇಟ್ಟು, ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿದರೆ ಅಡುಗೆಮನೆಯಿಂದಲೇ ಮಾತಾಡಬಹುದು. ಬೂಸ್ಟರ್ ಅಂತ ಮಾರುವ ಪೆಟ್ಟಿಗೆ ಮಾತ್ರ ಬೇಡ. ಪರವಾನಗಿ ಇಲ್ಲದೆ ಹಾಕುವುದು ಕಾನೂನಿಗೆ ವಿರುದ್ಧ, ಊರಿನ ಉಳಿದವರ ಸಿಗ್ನಲ್ಲೂ ಕೆಡುತ್ತದೆ.

ಮನೆಯವರಿಗೆಲ್ಲ ಇದನ್ನು ಹೇಳಿಡಿ: ನಿಮ್ಮ ಸಿಮ್ಮಿಗೆ ನೆಟ್‌ವರ್ಕ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕರೆ ತುರ್ತು ಸಂಖ್ಯೆ 112ಕ್ಕೆ ಕರೆ ಹೋಗುತ್ತದೆ. ರಾತ್ರಿ ಯಾರಿಗಾದರೂ ಹಾವು ಕಚ್ಚಿದರೆ ಉಳಿದವರು ಫೋನ್ ಹಿಡಿದು ಸಿಗ್ನಲ್ ಸಿಗುವ ಆ ಜಾಗಕ್ಕೆ ಓಡಬೇಕು ಅಂತ ಮಕ್ಕಳಿಗೂ ಗೊತ್ತಿರಲಿ.

ಇನ್ನು ಸಿಡಿಲು. ಹತ್ತಿರದಲ್ಲಿ ಬಿದ್ದರೂ ಸಾಕು, ಉದ್ದ ತಂತಿಯಲ್ಲಿ ಕರೆಂಟ್ ಉಕ್ಕಿ ರೂಟರ್ ಸುಡುತ್ತದೆ. ಏಪ್ರಿಲ್-ಮೇಯಲ್ಲಿ ಮಧ್ಯಾಹ್ನ ಮೋಡ ಕಟ್ಟಿತು ಅಂದರೆ, ಗುಡುಗು ಕೇಳುವ ಮೊದಲೇ ಪ್ಲಗ್ಗನ್ನೂ ಲ್ಯಾನ್ ಕೇಬಲ್ಲನ್ನೂ ಕಿತ್ತಿಡಿ.