ಘರಾಟ್ ಫೋಟೊಗೆ ಮೊದಲು ಬೇಕಾದ್ದು 5 ಕೆಜಿ ಕಾಳು

ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ನೀರಿನ ಗಿರಣಿಗೆ ಘರಾಟ್ ಅನ್ನುತ್ತಾರೆ, ಅದನ್ನು ನಡೆಸುವವರಿಗೆ ಘರಾಟಿ. ಧೌಲಾಧಾರ್ ಪರ್ವತ ಸಾಲಿನಿಂದ ಇಳಿದು ಬರುವ ನ್ಯೂಗಲ್, ಆವಾ, ಬಿನ್ವಾದಂಥ ಹೊಳೆಗಳಿಗೆ ಅಲ್ಲಲ್ಲಿ ಕಲ್ಲಿನ ಒಡ್ಡು ಹಾಕಿ, ಕೂಹಲ್ ಎಂಬ ಕಾಲುವೆಗಳಲ್ಲಿ ನೀರನ್ನು ಗದ್ದೆಗೆ ತಿರುಗಿಸಿಕೊಳ್ಳುತ್ತಾರೆ. ಆ ಕಾಲುವೆಯ ದಾರಿಯಲ್ಲಿ ನೆಲ ಥಟ್ಟನೆ ಇಳಿಯುವ ಕಡೆ ಘರಾಟ್ ಇರುತ್ತದೆ. ಒಂದೇ ಮನೆತನ ತಲೆಮಾರುಗಳಿಂದ ನಡೆಸಿಕೊಂಡು ಬಂದ ಘರಾಟ್‌ಗಳು ಇವತ್ತಿಗೂ ಅಲ್ಲಿ ಹಿಟ್ಟು ಬೀಸುತ್ತಿವೆ. ಅವನ್ನು ನೋಡುವಾಗ, ಫೋಟೊ ತೆಗೆಯುವಾಗ ನಾನು ಪಾಲಿಸುವ ಕ್ರಮ ಇದು.

ಮೊದಲ ಕೆಲಸ, ಇದೇ ಕಣಿವೆಯ ಪಾಲಂಪುರದ ಪೇಟೆಯಲ್ಲಿ 5 ಕೆಜಿ ಕಾಳು ಕೊಳ್ಳುವುದು. ಅಕ್ಟೋಬರ್-ನವೆಂಬರ್ ಆದರೆ ಮೆಕ್ಕೆಜೋಳ, ಮೇ ತಿಂಗಳಾದರೆ ಗೋಧಿ. ಕೊಡುಗೆ ಕೊಡುವುದಕ್ಕಲ್ಲ, ಬೀಸಿಸುವುದಕ್ಕೆ. ಫೋಟೊಗಾಗಿ ಸುಮ್ಮನೆ ಒಂದು ಸಲ ಕಲ್ಲು ತಿರುಗಿಸಿ ಎಂದು ಘರಾಟಿಯನ್ನು ಕೇಳಲೇಬಾರದು. ನಡುವೆ ಕಾಳಿಲ್ಲದಿದ್ದರೆ ಮೇಲ್ಗಲ್ಲು ಕೆಳಗಲ್ಲನ್ನೇ ತೇಯುತ್ತದೆ. ಉಳಿಯಿಂದ ಹಾಕಿದ ಕಚ್ಚು ಸವೆಯುತ್ತದೆ, ಉದುರಿದ ಕಲ್ಲುಪುಡಿ ಮುಂದಿನ ಗಿರಾಕಿಯ ರೊಟ್ಟಿಯಲ್ಲಿ ಹಲ್ಲಿಗೆ ಸಿಗುತ್ತದೆ. ನಿಮ್ಮದೇ ಕಾಳು ಇದ್ದರೆ ನೀವು ಎಲ್ಲರಂತೆ ಸರದಿಯಲ್ಲಿ ಕೂತ ಗಿರಾಕಿ; ಹೊಸಬರು ಬಂದಿದ್ದಾರೆಂದು ಗಿರಣಿಯ ಲಯ ಬದಲಾಗುವುದಿಲ್ಲ. 5 ಕೆಜಿ ಬೀಸಲು ಸಾಮಾನ್ಯವಾಗಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಒಳಗಿನ ಚಿತ್ರಗಳಿಗೆ ಅಷ್ಟು ಹೊತ್ತು ಧಾರಾಳ ಸಾಕು. ಕಾಳನ್ನು ಹಿಂದಿನ ರಾತ್ರಿಯೇ ಹಾಸಿ, ಕಲ್ಲು-ಕಸ ಆರಿಸಿಡುತ್ತೇನೆ. ಹಸಿ ಕಾಳು ಬೇಡ, ಕಲ್ಲಿನ ಕಚ್ಚಿಗೆ ಮೆತ್ತಿಕೊಳ್ಳುತ್ತದೆ. ಹಿಮಾಚಲದಲ್ಲಿ ಕೋದ್ರಾ ಅಂದರೆ ನಮ್ಮ ರಾಗಿಯೇ. ಸಿಕ್ಕರೆ ಅದನ್ನೂ ಒಂದು ಕಿಲೊ ಒಯ್ಯುತ್ತೇನೆ. ಅಷ್ಟು ಸಣ್ಣ ಕಾಳಿಗೆ ಕಲ್ಲಿನ ಸಂದು ಎಷ್ಟು ಬಿಗಿಯಬೇಕೆಂದು ಘರಾಟಿ ಕಿವಿಗೊಟ್ಟು ಹೊಂದಿಸುವುದನ್ನು ನೋಡುವುದೇ ಒಂದು ಪಾಠ.

ಕಾಲ ನೋಡಿಕೊಂಡು ಹೋಗಬೇಕು. ಜೂನ್-ಜುಲೈಯಲ್ಲಿ ಭತ್ತದ ನಾಟಿ, ಕೂಹಲ್ ನೀರಿಗೆ ಗದ್ದೆಯದೇ ಮೊದಲ ಹಕ್ಕು. ಜೋರು ಮಳೆಯಲ್ಲಿ ಒಡ್ಡು ಕೊಚ್ಚಿಹೋಗುತ್ತದೆ, ಕಾಲುವೆಯಲ್ಲಿ ಮರಳು ತುಂಬುತ್ತದೆ. ಚಳಿಗಾಲದ ನಡುವೆ ನೀರು ಇಳಿದು ಕಲ್ಲು ತೆವಳುತ್ತದೆ. ನನಗೆ ಒಪ್ಪುವುದು ಅಕ್ಟೋಬರಿನ ಎರಡನೇ ವಾರದಿಂದ ನವೆಂಬರ್ ಮಧ್ಯದವರೆಗೆ: ನೀರು ತಿಳಿಯಾಗಿರುತ್ತದೆ, ಹೊಸ ಮೆಕ್ಕೆಜೋಳ ಚೀಲಗಟ್ಟಲೆ ಬರುತ್ತದೆ, ಹಿಂದೆ ಧೌಲಾಧಾರ್ ಸ್ವಚ್ಛವಾಗಿ ಕಾಣುತ್ತದೆ.

ಕ್ಯಾಮೆರಾ ತೆಗೆಯುವ ಮೊದಲು ನೀರಿನ ದಾರಿಯನ್ನು ಒಡ್ಡಿನಿಂದ ಗಿರಣಿಯವರೆಗೆ ನಡೆದು ನೋಡುತ್ತೇನೆ. ಯಾವುದು ಏಕೆ ಅಲ್ಲಿದೆ ಎಂದು ತಿಳಿಯದೆ ತೆಗೆದ ಚಿತ್ರದಲ್ಲಿ ಹಳೇ ಗುಡಿಸಲಷ್ಟೇ ಉಳಿಯುತ್ತದೆ. ಕೂಹಲ್ ಗಿರಣಿಗೆ ಬರುವಲ್ಲಿ ಕಡ್ಡಿಗಳ ಜಾಲರಿ ಇರುತ್ತದೆ, ಪಕ್ಕದಲ್ಲಿ ನೀರನ್ನು ಹೊರಗೆ ಬಿಡುವ ತೂಬು. ಅಲ್ಲಿಂದ ನೀರು ಕಡಿದಾದ ಮರದ ದೋಣಿಗೆ ಇಳಿಯುತ್ತದೆ. ಮಲೆನಾಡಿನಲ್ಲಿ ಅಡಿಕೆ ಮರದ ದಂಬೆಯಲ್ಲಿ ಅಬ್ಬಿ ನೀರು ತರುತ್ತಾರಲ್ಲ, ಹೆಚ್ಚುಕಡಿಮೆ ಹಾಗೆಯೇ. ಆದರೆ ಇದು ಇಡೀ ಮರದ ದಿಮ್ಮಿಯನ್ನು ತೋಡಿ ಮಾಡಿದ್ದು, ಬಾಯಿ ಅಗಲ, ತುದಿ ಕಿರಿದು. ಈಗ ಹಲವು ಕಡೆ ಕಬ್ಬಿಣದ ಕೊಳವೆ ಹಾಕಿದ್ದಾರೆ. ಕೆಳಗೆ, ಗಿರಣಿಯ ನೆಲದಡಿಯ ಗವಿಯಂಥ ಜಾಗದಲ್ಲಿ ಚಕ್ರ ಮಲಗಿದಂತೆ ಅಡ್ಡಲಾಗಿ ತಿರುಗುತ್ತದೆ. ಸಿನಿಮಾಗಳಲ್ಲಿ ಕಾಣುವ ನೆಟ್ಟಗೆ ನಿಂತ ಚಕ್ರವನ್ನು ಹುಡುಕಿಕೊಂಡು ಬಂದವರು ಗಿರಣಿಯ ಸುತ್ತ ಎರಡು ಸುತ್ತು ಹಾಕಿ, ಚಕ್ರವೇ ಇಲ್ಲವಲ್ಲ ಅನ್ನುವುದು ಇದಕ್ಕೇ.

ಚಕ್ರದ ನಡುವಿನ ದಿಂಡು ನೇರ ಮೇಲೇರಿ, ಅಲುಗದ ಕೆಳಗಲ್ಲಿನ ತೂತಿನ ಮೂಲಕ ಹೊರಬಂದು, ಮೇಲ್ಗಲ್ಲಿಗೆ ಸಿಕ್ಕಿಸಿದ ಕಬ್ಬಿಣದ ಅಡ್ಡಪಟ್ಟಿಯನ್ನು ಹಿಡಿದಿರುತ್ತದೆ. ಹಲ್ಲಿನ ಚಕ್ರವಿಲ್ಲ, ಬೆಲ್ಟ್ ಇಲ್ಲ: ಚಕ್ರ ಒಂದು ಸುತ್ತು ಬಂದರೆ ಕಲ್ಲೂ ಒಂದು ಸುತ್ತು. ದಿಂಡಿನ ಬುಡದ ಮೊಳೆ ಒಂದು ತೊಲೆಯ ಮೇಲೆ ಕೂತಿರುತ್ತದೆ. ಆ ತೊಲೆಯ ತುದಿಯಿಂದ ಗಿರಣಿಯ ಒಳಕ್ಕೆ ಒಂದು ಕಂಬ ಬಂದಿರುತ್ತದೆ. ಕಂಬದ ಕೆಳಗೆ ಬೆಣೆ ತಳ್ಳಿದರೆ ಮೇಲ್ಗಲ್ಲು ಕೂದಲೆಳೆಯಷ್ಟು ಏಳುತ್ತದೆ, ಹಿಟ್ಟು ತರಿಯಾಗುತ್ತದೆ. ಬೆಣೆ ಸಡಿಲಿಸಿದರೆ ನುಣುಪು. ಘರಾಟಿ ಹೆಬ್ಬೆರಳು-ತೋರುಬೆರಳ ನಡುವೆ ಹಿಟ್ಟನ್ನು ಉಜ್ಜಿ ನೋಡಿ, ಬೆಣೆಗೆ ಒಂದು ಪೆಟ್ಟು ಕೊಟ್ಟು, ಮತ್ತೆ ಉಜ್ಜುತ್ತಾರೆ. ನಾನು ಎಲ್ಲಕ್ಕಿಂತ ಮೊದಲು ತೆಗೆಯುವ ಚಿತ್ರ ಆ ಎರಡು ಬೆರಳಿನದು. ಕಾಳು ಹಾಕಿದ ಮೊದಲ ಐದು ನಿಮಿಷದಲ್ಲೇ ಅದು ನಡೆದುಹೋಗುತ್ತದೆ, ಆಮೇಲೆ ಸಿಗುವುದಿಲ್ಲ.

ಮೇಲೆ ತೂಗುಹಾಕಿದ ಬುಟ್ಟಿಯಿಂದ ಕಾಳು ಒಂದು ಸಣ್ಣ ಮರದ ತೊಟ್ಟಿಗೆ ಇಳಿಯುತ್ತದೆ. ತೊಟ್ಟಿಗೆ ಕಟ್ಟಿದ ಕೋಲಿನ ತುದಿ ತಿರುಗುವ ಕಲ್ಲಿಗೆ ತಾಗಿ ಟಕಟಕ ಕುಣಿಯುತ್ತ ಕಾಳನ್ನು ಉದುರಿಸುತ್ತದೆ. ನೀರು ಹೆಚ್ಚಿ ಕಲ್ಲು ಜೋರಾದರೆ ಕೋಲು ಜೋರಾಗಿ ಕುಣಿದು ಹೆಚ್ಚು ಕಾಳು, ನೀರು ಇಳಿದರೆ ಕಡಿಮೆ ಕಾಳು; ಯಾರೂ ನಿಂತು ಹೊಂದಿಸಬೇಕಾಗಿಲ್ಲ. ನನಗೆ ಇಡೀ ಯಂತ್ರದಲ್ಲಿ ಇದಕ್ಕಿಂತ ಚೆಂದದ ಭಾಗವಿಲ್ಲ. ಈ ಸದ್ದನ್ನು ಫೋನಿನಲ್ಲಿ ಎರಡು ನಿಮಿಷವಾದರೂ ರೆಕಾರ್ಡ್ ಮಾಡಿಕೊಳ್ಳಿ. ಕಾಳು ಮುಗಿಯುತ್ತ ಬಂದಾಗ ಕಲ್ಲಿನ ದನಿ ಒರಟಾಗುತ್ತದೆ, ಹೊರಗೆ ಕೂತ ಘರಾಟಿ ಅಷ್ಟಕ್ಕೇ ಎದ್ದು ಬರುತ್ತಾರೆ.

ಈಗ ಕ್ಯಾಮೆರಾ. ದುಂಡಗಿನ ಕಲ್ಲು ತಿರುಗುತ್ತಿದೆ ಎಂದು ಚಿತ್ರದಲ್ಲಿ ತೋರಿಸುವುದು ಅಂದುಕೊಂಡಷ್ಟು ಸುಲಭವಲ್ಲ. 70 ಸೆಂಮೀ ಅಗಲದ ಕಲ್ಲು ನಿಮಿಷಕ್ಕೆ 90 ಸುತ್ತು ತಿರುಗಿದರೆ ಅದರ ಅಂಚು ಸೆಕೆಂಡಿಗೆ ಸುಮಾರು 3.3 ಮೀಟರ್ ಓಡುತ್ತದೆ. ಕ್ಯಾಮೆರಾದ ಶಟರ್ 1/500 ಸೆಕೆಂಡ್ ಮಾತ್ರ ತೆರೆದಿದ್ದರೆ ಅಂಚು ಜರುಗುವುದು 6-7 ಮಿಮೀ ಮಾತ್ರ, ಕಲ್ಲು ನಿಂತಂತೆ ಕಾಣುತ್ತದೆ. ಅರ್ಧ ಸೆಕೆಂಡ್ ಕೊಟ್ಟರೆ ಮುಕ್ಕಾಲು ಸುತ್ತು ಕಲಸಿಹೋಗಿ ನುಣ್ಣನೆಯ ಬಿಲ್ಲೆಯಾಗುತ್ತದೆ, ಅದೂ ನಿಂತಂತೆಯೇ. 1/30ರಿಂದ 1/15ರ ನಡುವೆ ಅಂಚು 11ರಿಂದ 22 ಸೆಂಮೀ ಜರುಗುತ್ತದೆ. ಕಲ್ಲಿನ ಮೇಲಿನ ಹಿಟ್ಟಿನ ಚುಕ್ಕೆ, ಅಂಚಿನ ಒಡಕುಗಳು ಎಳೆಎಳೆಯಾಗಿ ಮೂಡಿ ತಿರುಗು ಕಾಣುತ್ತದೆ. ತೊಟ್ಟಿಯಿಂದ ಬೀಳುವ ಕಾಳುಗಳನ್ನು ಬಿಡಿಬಿಡಿಯಾಗಿ ಹಿಡಿಯಲು ಮಾತ್ರ 1/1000 ಬೇಕು, ಅದಕ್ಕೆ ಬಾಗಿಲ ಬೆಳಕು ನೇರ ಬೀಳುವ ಹೊತ್ತನ್ನೇ ಕಾಯಬೇಕು.

ಒಳಗೆ ಕತ್ತಲು. ಬಾಗಿಲಿನಿಂದ ನಾಲ್ಕು ಹೆಜ್ಜೆ ಒಳಗೆ ಐಎಸ್ಒ (ಬೆಳಕಿಗೆ ಸೆನ್ಸರ್ ಎಷ್ಟು ಚುರುಕು ಎಂಬ ಅಂಕ) 1600, ಎಫ್ (ಲೆನ್ಸಿನ ಕಂಡಿಯ ಅಂಕ, ಚಿಕ್ಕದಾದಷ್ಟೂ ಬೆಳಕು ಹೆಚ್ಚು) 2.8 ಇಟ್ಟರೂ ಶಟರ್ 1/30ರ ಆಸುಪಾಸಿನಲ್ಲೇ ಇರುತ್ತದೆ. ಫ್ಲ್ಯಾಶ್ ಬೇಡ. ಗಾಳಿಯಲ್ಲಿ ತೇಲುವ ಹಿಟ್ಟು ಲೆನ್ಸಿನ ಮುಂದೆಯೇ ಹೊಳೆದು, ಚಿತ್ರದ ತುಂಬ ಬಿಳಿ ಬೊಟ್ಟುಗಳಾಗುತ್ತವೆ. ನಾನು ಒಂದು ಬಿಳಿ ಪಂಚೆ ಒಯ್ಯುತ್ತೇನೆ. ಬಾಗಿಲ ಹೊರಗೆ ಬಿಸಿಲು ಬೀಳುವಲ್ಲಿ ಹಾಸಿದರೆ ಬೆಳಕು ಒಳಕ್ಕೆ ಚಿಮ್ಮಿ, ಮುಖದ ನೆರಳು ತಿಳಿಯಾಗುತ್ತದೆ. ಕಮರಿಯೊಳಗಿನ ಗಿರಣಿಗೆ ಬಿಸಿಲು ಇಳಿಯುವುದೇ ಬೆಳಿಗ್ಗೆ ಹತ್ತರ ಮೇಲೆ. ಹಿಟ್ಟು ಬಿಳಿಯೆಂದು ನಂಬಿ ವೈಟ್ ಬ್ಯಾಲೆನ್ಸ್, ಅಂದರೆ ಬಣ್ಣದ ಹೊಂದಾಣಿಕೆ, ಮಾಡಬೇಡಿ. ಮೆಕ್ಕೆಜೋಳದ ಹಿಟ್ಟು ಹಳದಿ, ಅದನ್ನು ಬಿಳಿ ಮಾಡಿದರೆ ಮನುಷ್ಯರ ಚರ್ಮ ನೀಲಿಗೆ ತಿರುಗುತ್ತದೆ. ಬಣ್ಣ ಹೊಂದಿಸಲೆಂದೇ ಸಿಗುವ ಬೂದು ಕಾರ್ಡ್ ಬಳಸಿ. ಫೋನಿನಲ್ಲಾದರೆ ಹಿಟ್ಟಿನ ಮೇಲೆ ಬೆರಳು ಒತ್ತಿ ಹಿಡಿದು ಎಕ್ಸ್‌ಪೋಷರ್ (ಬೆಳಕಿನ ಮಟ್ಟ) ಲಾಕ್ ಮಾಡಿ.

ನಾನು ಪದೇಪದೇ ಕೆಡಿಸಿಕೊಂಡದ್ದು ಟ್ರೈಪಾಡ್ ಇಡುವ ಜಾಗ. ಗಿರಣಿಯ ನೆಲ ಹಲಗೆಯದಾಗಿದ್ದರೆ ಅದರಡಿ ಚಕ್ರ, ಮೇಲೆ ಕಲ್ಲು. ಇಡೀ ನೆಲ ಸಣ್ಣಗೆ ನಡುಗುತ್ತಿರುತ್ತದೆ, ಕಾಲಿಗೆ ತಿಳಿಯುವುದಿಲ್ಲ, ಚಿತ್ರಕ್ಕೆ ತಿಳಿಯುತ್ತದೆ. 1/4 ಸೆಕೆಂಡಿನ ಚಿತ್ರದಲ್ಲಿ ಗೋಡೆಯೇ ಮಸುಕಾದರೆ ಕಾರಣ ಇದು. ಟ್ರೈಪಾಡಿನ ಕಾಲುಗಳನ್ನು ಕಲ್ಲಿನ ಹೊಸ್ತಿಲ ಮೇಲೆ ಅಥವಾ ಹೊರಗಿನ ಮಣ್ಣಿನ ಮೇಲೆ ಊರಿ, ಉದ್ದ ಲೆನ್ಸಿನಿಂದ ಒಳಗೆ ನೋಡಬೇಕು.

ಕ್ಯಾಮೆರಾದ ಕೊರಳಪಟ್ಟಿಯನ್ನು ಬಾಗಿಲಲ್ಲೇ ಬಿಚ್ಚಿಡಿ. 70 ಸೆಂಮೀ ಅಗಲ, 15 ಸೆಂಮೀ ದಪ್ಪದ ಮೇಲ್ಗಲ್ಲು ಸುಮಾರು 150 ಕೆಜಿ ತೂಗುತ್ತದೆ, ಸುತ್ತ ಬೇಲಿಯಿಲ್ಲ, ನೀರು ತಪ್ಪಿಸಿದರೂ ತಕ್ಷಣ ನಿಲ್ಲುವುದಿಲ್ಲ. ದುಪಟ್ಟಾ, ಮಫ್ಲರ್, ಸಡಿಲ ತೋಳು ಯಾವುದೂ ಬೇಡ. ಚಕ್ರದ ಗವಿಯ ಚಿತ್ರವನ್ನು ನೀರು ಹೊರಹೋಗುವ ಬಾಯಲ್ಲಿ ಕೂತೇ ತೆಗೆಯುತ್ತೇನೆ: ಐಎಸ್ಒ 1600, ಎಫ್ 4, 1/8ರ ಸುತ್ತ, ಎರಡೆರಡು ಸ್ಟಾಪ್ ಅಂತರದಲ್ಲಿ (ಒಂದಕ್ಕಿಂತ ಒಂದಕ್ಕೆ ನಾಲ್ಕು ಪಟ್ಟು ಬೆಳಕು) ಮೂರು ಚಿತ್ರ. ಚಕ್ರದ ಹತ್ತಿರ ಹೋಗಲೇಬೇಕಾದರೆ ನೀರನ್ನು ತೂಬಿಗೆ ತಿರುಗಿಸಿ, ಘರಾಟಿ ತೂಬಿನ ಬಳಿಯೇ ನಿಂತಿರುವಾಗ ಮಾತ್ರ.

ಚಿತ್ರದ ಜೊತೆ ಅಳತೆಯೂ ಇದ್ದರೆ ದಾಖಲೆಗೆ ಬೆಲೆ. ಕೂಹಲ್ ನೇರವಾಗಿರುವ ಕಡೆ 10 ಮೀಟರ್ ಅಳೆದು ಕಿತ್ತಳೆ ಸಿಪ್ಪೆ ತೇಲಿಬಿಡುತ್ತೇನೆ. 14 ಸೆಕೆಂಡಿನಲ್ಲಿ ದಾಟಿದರೆ ಮೇಲ್ಮೈ ವೇಗ ಸೆಕೆಂಡಿಗೆ 0.7 ಮೀಟರ್, ತಳ-ಬದಿಗಳಲ್ಲಿ ನೀರು ನಿಧಾನವಾದ್ದರಿಂದ ಅದರ ಮುಕ್ಕಾಲು ಪಾಲು ಹಿಡಿಯಬೇಕು. ಕಾಲುವೆ ಅರ್ಧ ಮೀಟರ್ ಅಗಲ, 20 ಸೆಂಮೀ ಆಳವಿದ್ದರೆ ಸೆಕೆಂಡಿಗೆ 50 ಲೀಟರ್ ಚಿಲ್ಲರೆ. ಅಷ್ಟು ನೀರು 3 ಮೀಟರ್ ಬಿದ್ದರೆ ಸುಮಾರು 1,500 ವಾಟ್; ಮರದ ಚಕ್ರ ಅದರ ಕಾಲು ಭಾಗ ಹಿಡಿದುಕೊಂಡಿತೆಂದರೆ ಕಲ್ಲಿಗೆ ಸಿಗುವುದು 370 ವಾಟ್ ಆಜುಬಾಜು, ನಮ್ಮ ಅಡುಗೆಮನೆಯ 750 ವಾಟ್ ಮಿಕ್ಸಿಯ ಅರ್ಧ. ನಿಧಾನವಾಗಿ ತಿರುಗುವುದರಿಂದಲೇ ಹಿಟ್ಟು ತಣ್ಣಗಿರುತ್ತದೆ. ಕಲ್ಲಿನ ಸುತ್ತು ಎಣಿಸಲು ಅಂಚಿನ ಒಂದು ಒಡಕನ್ನು ಗುರುತಿಟ್ಟು 20 ಸುತ್ತಿಗೆ ಎಷ್ಟು ಸೆಕೆಂಡ್ ನೋಡಿ. ದಿನದಿಂದ ದಿನಕ್ಕೆ ಸುತ್ತು ಇಳಿದಿದ್ದರೆ ಜಾಲರಿಗೆ ಎಲೆ ಸಿಕ್ಕಿರಬಹುದು, ಅಥವಾ ಹೊರಹೋಗುವ ಬಾಯಿ ಕಟ್ಟಿ ಚಕ್ರ ತನ್ನದೇ ನೀರಿನಲ್ಲಿ ಮುಳುಗಿರಬಹುದು.

ಗಿರಣಿ ಎಷ್ಟು ಹಳೆಯದು ಎಂದು ಬರೆಯುವಾಗ ಕಟ್ಟಡ, ಜಾಗ, ಕಲ್ಲು ಮೂರನ್ನೂ ಬೇರೆ ಬೇರೆ ನೋಡಬೇಕು. 1905ರ ಏಪ್ರಿಲ್ 4ರ ಭೂಕಂಪ ಕಾಂಗ್ರಾದ ಮನೆಗಳನ್ನೂ ಕೂಹಲ್‌ಗಳನ್ನೂ ಕೆಡವಿತ್ತು. ಗೋಡೆ ಆಮೇಲಿನದಿರಬಹುದು, ನೀರಿನ ಹಕ್ಕು ಅದಕ್ಕಿಂತ ಹಳೆಯದಿರಬಹುದು. ಕಲ್ಲಂತೂ ಸವೆದು ಬದಲಾಗುತ್ತಲೇ ಇರುತ್ತದೆ. ನೀರಿನ ಪದ್ಧತಿಗಳನ್ನು ಬ್ರಿಟಿಷರ ಕಾಲದ ಭೂಕಂದಾಯ ಬಂದೋಬಸ್ತಿನಲ್ಲಿ ರಿವಾಜ್-ಇ-ಆಬ್‌ಪಾಶಿ ಎಂಬ ದಾಖಲೆಯಾಗಿ ಬರೆದಿಟ್ಟಿದ್ದಾರೆ. ಮನೆಯವರ ನೆನಪನ್ನು ಅದರ ಜೊತೆ ಇಟ್ಟು ನೋಡಿದರೆ ಇಸವಿ ಊಹಿಸುವ ಗೊಡವೆ ತಪ್ಪುತ್ತದೆ.

ಬೀಸಿದ್ದಕ್ಕೆ ಕೂಲಿ ಹಿಟ್ಟಿನಲ್ಲೇ ಒಂದು ಪಾಲು ತೆಗೆದುಕೊಳ್ಳುವುದು ರೂಢಿ. ಸರದಿಯಲ್ಲಿ ನನಗಿಂತ ಮುಂದಿದ್ದವರು ಎಷ್ಟು ಕೊಟ್ಟರೋ ಅಷ್ಟೇ ನಾನೂ ಕೊಡುತ್ತೇನೆ, ಫೋಟೊ ತೆಗೆದ ಋಣಕ್ಕೆ ಪ್ರಿಂಟ್ ಹಾಕಿಸಿ ಅಂಚೆಯಲ್ಲಿ ಕಳಿಸುತ್ತೇನೆ. ಸರದಿಯಲ್ಲಿ ಕೂತ ಹೆಂಗಸರ ಚಿತ್ರಕ್ಕೆ ಅವರನ್ನೇ ಕೇಳಬೇಕು, ಘರಾಟಿಯ ಒಪ್ಪಿಗೆ ಅವರಿಗೂ ಸೇರಿ ಅಲ್ಲ.

ಒಳಗೆ ಲೆನ್ಸ್ ಬದಲಿಸಬೇಡಿ. ಹೊರಬಂದ ಮೇಲೆ ಮೊದಲು ರಬ್ಬರ್ ಬ್ಲೋವರಿನಿಂದ ಊದಿ, ಆಮೇಲೆ ಒಣ ಬ್ರಷ್. ಒದ್ದೆ ಬಟ್ಟೆ ಮೊದಲು ತಾಗಿದರೆ ಹಿಟ್ಟು ಅಂಟಾಗಿ ಫೋಕಸ್ ಬಳೆಯ ಸಂದಿಗೆ ಇಳಿಯುತ್ತದೆ. ಬೀಸಿಸಿದ ಹಿಟ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟದೆ ಬಟ್ಟೆ ಚೀಲದಲ್ಲಿ ಆರಲು ಬಿಟ್ಟು ಊರಿಗೆ ತನ್ನಿ. ಮೆಕ್ಕೆಜೋಳದ ಮೊಳಕೆಯ ಎಣ್ಣೆ ಅದರಲ್ಲೇ ಇರುವುದರಿಂದ ಬೇಗ ಕಮಟುತ್ತದೆ. ಎರಡು-ಮೂರು ವಾರದೊಳಗೆ ರೊಟ್ಟಿ ಮಾಡಿ ಮುಗಿಸಿ.