ಬೀಳೂದು ಕಲಿಸಿದ್ದಿರೇನು?

ನಮ್ಮ ಕಡೆ ಶಾಲೆಯ ವಾರ್ಷಿಕೋತ್ಸವಕ್ಕೆ ಗ್ಯಾದರಿಂಗ್ ಎನ್ನುತ್ತಾರೆ. ಡಿಸೆಂಬರ್ ಹತ್ತಿರ ಬಂತೆಂದರೆ ಬಾಗಲಕೋಟೆಯಲ್ಲಿ ನಾಲ್ಕು ಸ್ಟೆಪ್ ಗೊತ್ತಿದ್ದವನಿಗೂ ಸುಗ್ಗಿ. ಹಗಲು ಮೊಬೈಲ್ ರಿಪೇರಿ ಮಾಡುವ ನನಗೆ ಮೊದಲ ಕರೆ ಬಂದದ್ದೂ ಹಾಗೆಯೇ. ‘ಬ್ರೇಕ್ ಡಾನ್ಸ್ ಮಾಡ್ತೀರಂತಲ್ರಿ, ನಮ್ಮ ಹುಡುಗರಿಗೆ ಒಂದು ಐಟಂ ಕೂಡಿಸಿಕೊಡ್ರಿ. ತಲಿ ಮ್ಯಾಲೆ ತಿರುಗೂದು ಮಾತ್ರ ಇರಬೇಕು ನೋಡ್ರಿ.’ ಕೊಟ್ಟದ್ದು 12 ದಿನ, 16 ಹುಡುಗರು, 4 ನಿಮಿಷದ ಹಾಡು.

ಒಪ್ಪಿಕೊಂಡೆ. ಆಗ ನನ್ನ ಲೆಕ್ಕದಲ್ಲಿ ಕಲಿಸುವುದೆಂದರೆ ನನಗೆ ಬರುವುದನ್ನು ಅವರಿಂದ ಮಾಡಿಸುವುದು. ಮೆಮರಿ ಕಾರ್ಡಿನಲ್ಲಿ ತುಂಬಿಸಿಕೊಂಡ ವಿಡಿಯೋ ನೋಡಿ, ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಮತ್ತೆ ನೋಡಿ ನಾನು ಮೂರು ವರ್ಷದಲ್ಲಿ ಕಲಿತದ್ದನ್ನು ಅವರಿಗೆ 12 ದಿನದಲ್ಲಿ ತುರುಕಿದೆ. ಗ್ಯಾದರಿಂಗ್ ದಿನ ಎಂಟನೇ ಇಯತ್ತೆಯ ಹುಡುಗನೊಬ್ಬ ಗಾಳಿಯಲ್ಲಿ ಹಾರಿ ಬೆನ್ನ ಮೇಲೆ ಬೀಳುವ ಪಟ್ಟು ಹಾಕಿದ. ಬೀಳುವಾಗ ಹೆದರಿ ಕೈ ಹಿಂದಕ್ಕೆ ಊರಿದ. ಜನ ಸೀಟಿ ಹೊಡೆದರು. ಅವನು ಐಟಂ ಮುಗಿಯುವವರೆಗೂ ಕುಣಿದು, ಪರದೆಯ ಹಿಂದೆ ಬಂದ ಮೇಲೆ ಅತ್ತ. ಮಣಿಕಟ್ಟಿನ ಎಲುಬು ಸೀಳಿತ್ತು.

ಮರುದಿನ ಅವರ ಮನೆಗೆ ಹೋದೆ. ಬೈಗುಳಕ್ಕೆ ತಯಾರಾಗಿಯೇ ಹೋಗಿದ್ದೆ. ಹುಡುಗನ ಅಪ್ಪ ಎಪಿಎಂಸಿಯಲ್ಲಿ ಹಮಾಲಿ, ಒಂದು ಕಾಲಕ್ಕೆ ಕುಸ್ತಿ ಹಿಡಿದವರು. ಚಹಾ ತರಿಸಿ ಒಂದೇ ಮಾತು ಕೇಳಿದರು: ‘ಹಾರೂದು ಕಲಿಸೀರಿ. ಬೀಳೂದು ಕಲಿಸಿದ್ದಿರೇನು?’ ನಾನು ಸುಮ್ಮನಿದ್ದೆ. ‘ಗರಡಿಮನ್ಯಾಗ ನಮಗ ಮೊದಲ ಕಲಿಸಿದ್ದ ಬೀಳೂದು. ಬಿದ್ದು ಬಿದ್ದು ಮಣ್ಣಿನ ಕೂಡ ಸಲಿಗಿ ಆದ ಮ್ಯಾಲೇ ಜೋಡಿ ಬಿಡ್ತಿದ್ರು.’

ನವನಗರದ ಸಮುದಾಯ ಭವನವೊಂದರಲ್ಲಿ ಸಂಜೆ ಕ್ಲಾಸು ಶುರು ಮಾಡಿದ್ದು ಅದಾದ ಮೇಲೆ. ಆಲಮಟ್ಟಿ ಹಿನ್ನೀರಿಗೆ ಮುಳುಗಿದವರಿಗಾಗಿ ಕಟ್ಟಿದ ಊರು ಇದು. ಸೆಕ್ಟರುಗಳು ಅಗಲವಾಗಿವೆ, ಆಟಕ್ಕೆ ಜಾಗವಿದೆ, ಆದರೆ ಹಳೆ ಊರಿನ ಓಣಿಯಲ್ಲಿ ಹುಡುಗರು ತಾವಾಗಿಯೇ ಗುಂಪುಗೂಡುವ ಹಾಗೆ ಇಲ್ಲಿ ಕೂಡುವುದಿಲ್ಲ, ಕರೆಯಬೇಕು. ಮೊದಲ ವಾರ ಬಂದವರು ಐವರು. ಅದರಲ್ಲಿ ಪ್ಲಾಸ್ಟರ್ ಕೈಯವನೂ ಒಬ್ಬ, ನೋಡಲಿಕ್ಕೆಂದು.

ಮೊದಲ ಮೂರು ವಾರ ಬೀಳುವುದಷ್ಟೇ ಮಾಡಿದೆವು. ಕುಕ್ಕರಗಾಲಲ್ಲಿ ಕೂತು ಹಿಂದಕ್ಕೆ ಉರುಳು, ಗದ್ದ ಎದೆಗೆ ಅಂಟಿರಲಿ, ಬೆನ್ನು ಬಿಲ್ಲಿನಂತೆ ಬಾಗಿರಲಿ. ಪಕ್ಕಕ್ಕೆ ಬಿದ್ದರೆ ಭುಜದ ಹಿಂಬದಿ ಮೊದಲು ತಾಗಲಿ. ಕೈ ಊರಲೇಬೇಕಾದರೆ ಮೊಣಕೈ ಸಡಿಲ ಬಿಟ್ಟು ಇಡೀ ಅಂಗೈ ಊರು. ತೋಳನ್ನು ಕೋಲಿನಂತೆ ಸೆಟೆಸಿ ಊರಿದರೆ ಮೈಯ ಭಾರವೆಲ್ಲ ಮಣಿಕಟ್ಟಿನ ಮೇಲೆ ಬರುತ್ತದೆ. ದಿನಾ ಮೊದಲ ಹತ್ತು ನಿಮಿಷ ಬರೀ ಮಣಿಕಟ್ಟು, ಭುಜ, ಕುತ್ತಿಗೆ ಸಡಿಲ ಮಾಡುವುದು. ಹನ್ನೆರಡು ತುಂಬದ ಮಕ್ಕಳು ತಲೆಯ ಮೇಲೆ ಭಾರ ಹಾಕುವಂತಿಲ್ಲ. ಇದು ನನ್ನದೇ ಕಟ್ಟಳೆ, ಯಾವ ಹೆಡ್‌ಮಾಸ್ತರ್ ಕೇಳಿಕೊಂಡರೂ ಮುರಿಯುವುದಿಲ್ಲ. ದೊಡ್ಡವರು ಗೋಡೆಗೆ ಕಾಲು ಆನಿಸಿ ತಲೆಕೆಳಗೆ ನಿಲ್ಲುವುದನ್ನು ರೂಢಿ ಮಾಡುತ್ತಾರೆ. ಇದಕ್ಕೆ ವಿದೇಶದಲ್ಲಿ ದಪ್ಪ ಟೊಪ್ಪಿಗೆಗಳು ಸಿಗುತ್ತವೆ. ನಮ್ಮಲ್ಲಿ ಹುಡುಗಿಯೊಬ್ಬಳ ಅಜ್ಜಿ ಹಳೇ ಸೀರೆಯ ಸಿಂಬಿ ಸುತ್ತಿಕೊಟ್ಟರು. ಕೊಡ ಹೊರುವ ತಲೆಗೆ ಹೇಗೋ ನೆಲಕ್ಕೆ ಊರುವ ತಲೆಗೂ ಹಾಗೇ!

ನೆಲದ್ದು ಬೇರೆಯೇ ಕತೆ. ಸಮುದಾಯ ಭವನದ್ದು ಶಹಾಬಾದಿ ಫರಸಿ, ಸಂದಿಗಳಲ್ಲಿ ಸಿಮೆಂಟು ಎದ್ದಿದೆ, ಮೊಣಕಾಲು ತರಚುತ್ತದೆ. ಜಮಖಾನ ಹಾಸಿದೆವು, ಕಾಲಿಗೆ ಸುತ್ತಿಕೊಂಡಿತು. ತಾಡಪತ್ರಿಯ ಮೇಲೆ ಮೈ ಜಾರಲೇ ಇಲ್ಲ. ಕೊನೆಗೆ ಒದಗಿದ್ದು ಹಳೆಯ ಫ್ಲೆಕ್ಸ್. ನಾಯಕರ ಹುಟ್ಟುಹಬ್ಬದ ಶುಭಾಶಯ ಮುಗಿದ ಮೇಲೆ ಕಂಬದಿಂದ ಇಳಿದವನ್ನು ಬೇಡಿ ತಂದೆವು. ಮುಖ ಕೆಳಗೆ ಮಾಡಿಯೇ ಹಾಸಬೇಕು. ಮೇಲೆ ಬಂದರೆ ಹುಡುಗರು ಕಾಲಿಡಲು ಹಿಂದೆಮುಂದೆ ನೋಡುತ್ತಾರೆ. ನಾಲ್ಕು ಅಂಚಿಗೂ ಪ್ಯಾಕಿಂಗ್ ಟೇಪು, ಕೆಳಗೆ ಟಿವಿ ಅಂಗಡಿಯ ರಟ್ಟು. ಏಪ್ರಿಲ್ ಬಿಸಿಲಿಗೆ ಸಂಜೆ ಆರಕ್ಕೂ ನೆಲ ಕಾದಿರುವುದರಿಂದ ಬೇಸಿಗೆಯಲ್ಲಿ ಕ್ಲಾಸು ಬೆಳಿಗ್ಗೆ ಆರಕ್ಕೆ.

ಒಂದು ವಿಷಯದಲ್ಲಿ ಮಾತ್ರ ನಮ್ಮ ಮಕ್ಕಳಿಗೆ ಏನೂ ಹೇಳಿಕೊಡಬೇಕಾಗಲಿಲ್ಲ. ನೆಲದ ಮೇಲಿನ ಕಾಲಾಟಕ್ಕೆ ಬುಡ ಎಂದರೆ ಸಿಕ್ಸ್ ಸ್ಟೆಪ್. ಕೈ ಊರಿ ಕೂತು, ಆರು ಹೆಜ್ಜೆಯಲ್ಲಿ ಕಾಲುಗಳು ಮೈಯ ಸುತ್ತ ಒಂದು ಸುತ್ತು ಬರಬೇಕು. ಇದಕ್ಕೆ ಆಳವಾಗಿ ಕೂರುವ ಸೊಂಟ, ಹಿಮ್ಮಡಿ ಬೇಕು. ಸೋಫಾ, ಕುರ್ಚಿ ಬಿಟ್ಟು ಕೂರದವರು ಇಲ್ಲೇ ಎಡವುತ್ತಾರೆ. ಕುಕ್ಕರಗಾಲಲ್ಲಿ ಕೂತು ಅಂಗಳ ಗುಡಿಸುವ, ರಂಗೋಲಿ ಹಾಕುವ ಹುಡುಗಿಯರು ಎರಡೇ ದಿನದಲ್ಲಿ ಹಿಡಿದರು. ನಮ್ಮಲ್ಲಿ ಇವತ್ತಿಗೂ ಎಲ್ಲರಿಗಿಂತ ಚೊಕ್ಕವಾಗಿ ಸಿಕ್ಸ್ ಸ್ಟೆಪ್ ಹಾಕುವುದು ಏಳನೇ ಇಯತ್ತೆಯ ಹುಡುಗಿ. ಅವಳ ಅವ್ವ ಮೊದಲ ತಿಂಗಳು ದಿನಾ ಬಂದು ಬಾಗಿಲ ಬಳಿ ಶೇಂಗಾ ಸುಲಿಯುತ್ತ ಕೂತಿರುತ್ತಿದ್ದರು. ಕಾವಲಿಗೆ ಎಂದು ಎಲ್ಲರಿಗೂ ಗೊತ್ತಿತ್ತು. ಬಾಗಿಲು ಯಾವಾಗಲೂ ತೆರೆದೇ ಇರಲಿ, ಯಾರು ಬಂದರೂ ಕೂರಲಿ ಎಂದು ಅವತ್ತೇ ಹೇಳಿದ್ದೆ. ಹುಡುಗಿಯರು ಕ್ಲಾಸಿನಲ್ಲಿ ಉಳಿಯಬೇಕೆಂದರೆ ಇದಕ್ಕಿಂತ ದೊಡ್ಡ ಉಪಾಯ ನನಗೆ ತಿಳಿದಿಲ್ಲ.

ಕುಣಿಯುತ್ತ ಗಕ್ಕನೆ ಒಂದು ಭಂಗಿಯಲ್ಲಿ ನಿಂತುಬಿಡುವ ಫ್ರೀಜ್ ಕಲಿಸುವಾಗ ಯೋಗ ದಿನಾಚರಣೆ ನೆರವಿಗೆ ಬಂತು. ಮೊಣಕೈಯನ್ನು ಹೊಟ್ಟೆಗೆ ಊರಿ ಮೈ ಎತ್ತುವ ಮಯೂರಾಸನ ಶಾಲೆಯಲ್ಲಿ ನೋಡಿದ ಮಕ್ಕಳು. ಬೇಬಿ ಫ್ರೀಜಿನಲ್ಲಿ ಪಕ್ಕೆಗೆ ಊರುವ ಮೊಣಕೈ ಕೆಲಸವೂ ಅದೇ. ತುಳಸಿಗೇರಿಯ ಮಲ್ಲಕಂಬದ ಹುಡುಗರ ತೋಳು, ಹಿಡಿತ ನೋಡಿದಾಗಲೆಲ್ಲ ಇವರು ನೆಲಕ್ಕಿಳಿದರೆ ನನ್ನ ಕ್ಲಾಸು ಮುಚ್ಚಬೇಕಲ್ಲ ಅನ್ನಿಸುತ್ತದೆ.

ಆದರೆ ಇಷ್ಟೆಲ್ಲ ಆದರೂ ಕುಣಿತ ಹುಟ್ಟಿರಲಿಲ್ಲ. ಪಟ್ಟುಗಳು ಸರಿ, ಸಂಗೀತ ಎಲ್ಲೋ ಹಿಂದೆ ತನ್ನ ಪಾಡಿಗೆ ನಡೆದಿರುತ್ತಿತ್ತು. ಇವರಿಗೆ ಬ್ರೇಕ್ ಎಂದರೇನೆಂದೇ ನಾನು ಹೇಳಿರಲಿಲ್ಲ. ನಮ್ಮೂರಲ್ಲಿ ಬ್ರೇಕ್ ಡಾನ್ಸ್ ಎಂದರೆ ಮೈಕಲ್ ಜಾಕ್ಸನ್, ಒಂಟಿ ಗ್ಲೌಸು, ಮೈ ಮುರಿಯುವುದು. ಹೀಗೆ ಸ್ನಾಯು ಝಾಡಿಸುವ ಪಾಪಿಂಗ್ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಬೇರೆ ಕುಣಿತ. ಬ್ರೇಕಿಂಗ್ ನ್ಯೂಯಾರ್ಕಿನ ಬ್ರಾಂಕ್ಸ್‌ನದು. 1973ರ ಆಗಸ್ಟ್ 11ರಂದು ಸಿಂಡಿ ಎಂಬ ಹುಡುಗಿ ಶಾಲೆಗೆ ಹೊಸ ಬಟ್ಟೆ ಕೊಳ್ಳಲು ದುಡ್ಡು ಹೊಂದಿಸಬೇಕೆಂದು ತಮ್ಮ ಕಟ್ಟಡದಲ್ಲೇ ಪಾರ್ಟಿ ಇಟ್ಟಳು. ಹಾಡು ಹಾಕಿದವನು ಅವಳ ಅಣ್ಣ, ಡಿಜೆ ಕೂಲ್ ಹರ್ಕ್. ಹಾಡುಗಾರಿಕೆ ನಿಂತು ಬರೀ ಡ್ರಮ್ ನುಡಿಯುವ ಚೂರು ಬಂದಾಗ ಜನ ಹುಚ್ಚೆದ್ದು ಕುಣಿಯುವುದನ್ನು ಅವನು ಗಮನಿಸಿದ್ದ. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು ಆ ಚೂರನ್ನೇ ಲಂಬಿಸಿದ. ಆ ಚೂರಿನ ಹೆಸರು ಬ್ರೇಕ್. ಅದಕ್ಕೆ ಕುಣಿದವರು ಬಿ-ಬಾಯ್, ಬಿ-ಗರ್ಲ್.

ಈ ಕತೆ ನನಗೆ ತಿಳಿದೇ ಇತ್ತು. ಅರ್ಥವಾದದ್ದು ಹೋಳಿಯ ಹೊತ್ತಿಗೆ. ಶಿವರಾತ್ರಿ ಮುಗಿದದ್ದೇ ತಡ, ಕ್ಲಾಸಿಗೆ ಒಬ್ಬನೂ ಇಲ್ಲ. ಬಾಗಲಕೋಟೆಯ ಹೋಳಿ ಗೊತ್ತಿದ್ದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ; ಬಣ್ಣದ ಬಂಡಿ ಹೊರಡುವುದಕ್ಕೆ ಎಷ್ಟೋ ದಿನ ಮುಂಚೆಯೇ ಹಲಗಿ ಶುರುವಾಗುತ್ತದೆ. ಸಿಟ್ಟಿನಿಂದ ಹುಡುಕುತ್ತ ಹಳೆ ಊರಿಗೆ ಹೋದೆ. ಓಣಿಯ ಮೂಲೆಯಲ್ಲಿ ಬೆಂಕಿ ಹಾಕಿ ಹಲಗಿ ಕಾಯಿಸುತ್ತ ಕೂತಿದ್ದರು, ನನ್ನ ಶಿಷ್ಯರೇ ಏಳು ಜನ. ಕ್ಲಾಸಿನಲ್ಲಿ ಎಂಟು ಎಣಿಸಲು ತಡವರಿಸುವವರು ಇಲ್ಲಿ ಒಬ್ಬರ ಕಣ್ಣು ಒಬ್ಬರು ನೋಡಿ ನಡೆ ಏರಿಸುತ್ತಾರೆ, ಎಲ್ಲರ ಕಡ್ಡಿಯೂ ಒಟ್ಟಿಗೆ ನಿಲ್ಲುತ್ತದೆ! ಬೈಯಲು ಹೋದವನು ಚಪ್ಪಲಿ ಬಿಟ್ಟು ನಡುವೆ ಇಳಿದೆ. ‘ಸರ್ ಬಂದ್ರೋ, ಹೊಡೀರಿ!’ ಎಂದನೊಬ್ಬ. ಹೊಡೆತ ನಿಂತ ಕಡೆ ನಾನೂ ಫ್ರೀಜ್ ಹಾಕಿ ನಿಂತೆ. ಓಣಿಯ ಮಣ್ಣಲ್ಲಿ ಅಂಗಿ ಹಾಳಾಯಿತು.

ಅಂದಿನಿಂದ ಎಣಿಕೆ ಬಿಟ್ಟೆ. ಇಬ್ಬರು ಹಲಗಿ ಹಿಡಿಯುತ್ತಾರೆ, ಉಳಿದವರು ಸುತ್ತ ನಿಲ್ಲುತ್ತಾರೆ, ಒಬ್ಬರು ನಡುವೆ ಇಳಿಯುತ್ತಾರೆ. ಬಾರಿಸಿ ಬಂದವನಿಗೆ ಹೊಡೆತ ಎಲ್ಲಿ ಮುಗಿಯುತ್ತದೆಂದು ಮೊದಲೇ ಗೊತ್ತಿರುತ್ತದೆ, ಆದ್ದರಿಂದ ಎಲ್ಲಿ ನಿಲ್ಲಬೇಕೆಂದು ಕಾಲಿಗೂ ಗೊತ್ತಿರುತ್ತದೆ. ತಾಳ ಕೂತ ಮೇಲೆ ಸ್ಪೀಕರಿನ ಹಾಡು. ಒಂದು ಶಾಲೆಯಲ್ಲಿ ಮಾತ್ರ ಹಲಗಿ ಒಳಗೆ ತರಬೇಡಿ ಎಂದರು, ‘ಸತ್ತಲ್ಲಿ ಬಾರಸೂದದು’ ಎಂದು. ಹಾಗೆಂದವರೇ ಹೋಳಿಯಲ್ಲಿ ಹೆಗಲಿಗೆ ಹಾಕಿಕೊಂಡು ಬಾರಿಸಿದ್ದನ್ನು ಹುಡುಗರು ನೋಡಿದ್ದಾರೆ. ನಾನು ವಾದ ಮಾಡಲಿಲ್ಲ. ಆ ಶಾಲೆಯಲ್ಲಿ ಬೆಂಚು ಬಡಿದು ಕಲಿಸಿದೆವು.

2024ರ ಆಗಸ್ಟ್ 9 ಮತ್ತು 10ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬ್ರೇಕಿಂಗ್ ನಡೆದಾಗ ನಮ್ಮ ಬೆಲೆ ಒಮ್ಮೆಗೇ ಏರಿತು. ಜಪಾನಿನ ಆಮಿ, ಕೆನಡಾದ ಫಿಲ್ ವಿಜರ್ಡ್ ಚಿನ್ನ ಗೆದ್ದರು. ನೆದರ್ಲೆಂಡ್ಸ್‌ನ ಬಿ-ಗರ್ಲ್ ಒಬ್ಬಳ ಹೆಸರೇ ಇಂಡಿಯಾ. ಪಟ್ಟಿಯಲ್ಲಿ ಅದನ್ನು ನೋಡಿ ನಮ್ಮ ಹುಡುಗಿಯರು ಕುಣಿದಾಡಿಬಿಟ್ಟರು, ಆಮೇಲೆ ವಿಷಯ ತಿಳಿದು ಸಪ್ಪಗಾದರೂ ಅವಳ ಬೆನ್ನಿಗೇ ನಿಂತರು. ಅವಳು ನಾಲ್ಕನೆಯವಳಾದಳು. ಅದೇ ವಾರ ಆಸ್ಟ್ರೇಲಿಯಾದ ಸ್ಪರ್ಧಿಯೊಬ್ಬರ ಕಾಂಗರೂ ಜಿಗಿತದ ವಿಡಿಯೋ ನನ್ನ ವಾಟ್ಸಾಪಿಗೆ ಕಡಿಮೆಯೆಂದರೂ ಮೂವತ್ತು ಸಲ ಬಂತು: ‘ಇದನ್ನ ಏನ್ರಿ ನೀವು ಕಲಿಸೂದು?’ ಅದನ್ನೇ ಕ್ಲಾಸಿನಲ್ಲಿ ಹಾಕಿ ತೋರಿಸಿದೆ. ತೀರ್ಪುಗಾರರು ನೋಡುವುದು ಐದು: ತಂತ್ರ, ಪಟ್ಟುಗಳ ವೈವಿಧ್ಯ, ಚೊಕ್ಕತನ, ಸ್ವಂತಿಕೆ, ಸಂಗೀತದ ಜೊತೆಗಿನ ಹೊಂದಾಣಿಕೆ. ಇವರಲ್ಲಿ ಏನಿದೆ, ಏನಿಲ್ಲ ಎಂದು ಮಕ್ಕಳನ್ನೇ ಕೇಳಿದೆ. ಸ್ವಂತಿಕೆ ಐತ್ರಿ ಎಂದರು. ಅವರಿಗೆ ಮೂರು ಪೈಪೋಟಿಯಲ್ಲೂ ಒಂದು ವೋಟೂ ಸಿಗಲಿಲ್ಲವೆಂದಾಗ ನಕ್ಕವರಿಗಿಂತ ಪಾಪ ಎಂದವರೇ ಹೆಚ್ಚು.

2028ರ ಲಾಸ್ ಏಂಜಲೀಸ್ ಪಟ್ಟಿಯಲ್ಲಿ ಬ್ರೇಕಿಂಗ್ ಇಲ್ಲ. ಪ್ರತಿಭಾ ಕಾರಂಜಿಯಲ್ಲೂ ಇದರ ಹೆಸರಿನ ಸ್ಪರ್ಧೆ ಇಲ್ಲ. ‘ಸರ್ಟಿಫಿಕೇಟ್ ಏನರ ಸಿಗ್ತೈತೇನ್ರಿ?’ ಎನ್ನುವ ಪಾಲಕರಿಗೆ ಇಲ್ಲ ಎಂದೇ ಹೇಳುತ್ತೇನೆ. ಕೆಲವರು ಮಕ್ಕಳನ್ನು ಬಿಡಿಸಿದ್ದಾರೆ.

ಕಳೆದ ಗ್ಯಾದರಿಂಗಿಗೆ ಮತ್ತೊಂದು ಶಾಲೆಯವರು ಕರೆದರು. ಸ್ಟೇಜ್ ಬೇಡ, ಅಂಗಳದ ನಡುವೆ ಹತ್ತು ನಿಮಿಷ ಕೊಡಿ ಎಂದೆ. ‘ಯಾರು ಯಾವಾಗ ಬರ್ತಾರಂತ ಅನೌನ್ಸ್ ಹೆಂಗ ಮಾಡೂದ್ರಿ?’ ಎಂದು ಹೆಡ್‌ಮಾಸ್ತರ್ರಿಗೆ ಚಿಂತೆ. ಅದು ನನಗೂ ಗೊತ್ತಿಲ್ಲ, ಆ ಹೊತ್ತಿಗೆ ಯಾರಿಗೆ ಹುಕಿ ಬರುತ್ತದೋ ಅವರು ಇಳಿಯುತ್ತಾರೆ ಎಂದರೆ ನಂಬಲೇ ಇಲ್ಲ. ಕೊನೆಗೆ ಒಪ್ಪಿದರು. ಹತ್ತು ನಿಮಿಷದಲ್ಲಿ ಮೂರು ಸಲ ಇಬ್ಬಿಬ್ಬರು ಒಟ್ಟಿಗೆ ಇಳಿದು ಡಿಕ್ಕಿ ಹೊಡೆದರು, ಒಬ್ಬಳು ಇಳಿಯಲೇ ಇಲ್ಲ. ಯಾರಿಗೂ ಪೆಟ್ಟಾಗಲಿಲ್ಲ. ಹಿಂದೆ ಕೈ ಮುರಿದುಕೊಂಡವನು ಈಗ ಪಿಯುಸಿ. ಅವತ್ತು ಅವನು ಕುಣಿಯಲಿಲ್ಲ, ಹಲಗಿ ಹಿಡಿದಿದ್ದ.

ಅಷ್ಟರಲ್ಲಿ ಫ್ಲೆಕ್ಸ್ ಎರಡು ಕಡೆ ಹರಿಯಿತು, ಟೇಪು ನಿಲ್ಲುತ್ತಿಲ್ಲ. ನಮ್ಮ ಸೆಕ್ಟರಿನ ನಾಯಕರೊಬ್ಬರ ಹುಟ್ಟುಹಬ್ಬ ಮುಂದಿನ ತಿಂಗಳಿದೆ. ಈ ಸಲ ಇಪ್ಪತ್ತು ಅಡಿಯದು ಹಾಕಿಸುತ್ತಾರಂತೆ. ಇಳಿಸುವ ದಿನ ಯಾವುದೆಂದು ತಿಳಿದುಕೊಂಡು ಬರಲು ಇಬ್ಬರನ್ನು ಕಳಿಸಿದ್ದೇನೆ.