ಕೆಂಪಿನೊಳಗೆ ನುಸುಳಿದ ಅವಕೆಂಪು

ನಾಲ್ಕು ಕಪ್ಪು-ಬಿಳುಪು ಬೋರ್ಡ್ ಕ್ಯಾಮೆರಾ, ನಾಲ್ಕು ಫಿಲ್ಟರ್, ಒಂದು ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್. ಇಷ್ಟರಲ್ಲೇ ಡ್ರೋನ್‌ಗೆ ಮಲ್ಟಿಸ್ಪೆಕ್ಟ್ರಲ್ ಕ್ಯಾಮೆರಾ (ಬೆಳಕಿನ ಬೇರೆ ಬೇರೆ ಪಟ್ಟಿಗಳನ್ನು, ಅಂದರೆ ಬ್ಯಾಂಡ್‌ಗಳನ್ನು, ಬೇರೆಬೇರೆಯಾಗಿ ಅಳೆಯುವಂಥದ್ದು) ಕಟ್ಟುತ್ತೇನೆ ಎಂದಾಗ ಈ ಕಸುಬಿನ ಹಿರಿಯರೊಬ್ಬರು, "ಚಿತ್ರ ಬಂದೀತು, ಅಳತೆ ಬಾರದು" ಎಂದಿದ್ದರು. ಈ ಹಿಂಗಾರಿನಲ್ಲಿ ಮಂಡ್ಯದ ಕಬ್ಬಿನ ಗದ್ದೆಯ ಮೇಲೆ ಹಾರಿಸಿ ತೆಗೆದ ಎನ್‌ಡಿವಿಐ (ಕೆಂಪು ಮತ್ತು ಅವಕೆಂಪು ಬೆಳಕನ್ನು ಹೋಲಿಸಿ ಬೆಳೆಯ ಹುಲುಸನ್ನು ಹೇಳುವ ಸೂಚ್ಯಂಕ), ಅದೇ ವಾರ ಯುರೋಪಿನ ಸೆಂಟಿನೆಲ್-2 ಉಪಗ್ರಹ ತೆಗೆದ ಚಿತ್ರದೊಂದಿಗೆ ಸುಮಾರು 0.03ರ ವ್ಯತ್ಯಾಸದಲ್ಲಿ ತಾಳೆಯಾಗಿದೆ. ಅವರಿಗೂ ಕಳುಹಿಸಿದ್ದೇನೆ.

ಹೆಚ್ಚು ಕಾಡಿದ್ದು ಕೆಂಪು ಬ್ಯಾಂಡ್. ಅಗ್ಗದ 660 ನ್ಯಾನೋಮೀಟರ್ ಫಿಲ್ಟರ್ 800ರಾಚೆಯ, ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಬೆಳಕನ್ನೂ ಶೇ 2ರಷ್ಟು ಸೋರುತ್ತಿತ್ತು. ಮಾರಿದವರ ಗ್ರಾಫ್ 750ಕ್ಕೇ ಮುಗಿದಿತ್ತು! ಶೇ 2 ಏನು ಮಹಾ ಎನ್ನಬೇಡಿ. ಹಸಿರು ಎಲೆ ಕೆಂಪನ್ನು ಹಿಂದಿರುಗಿಸುವುದು ಶೇ 4ರಷ್ಟು, ಅವಕೆಂಪನ್ನು ಶೇ 45ರಷ್ಟು. ಫಿಲ್ಟರಿನ ಕಿಂಡಿ 20 ನ್ಯಾನೋಮೀಟರ್ ಅಗಲ, ಸೋರುವ ಹರವು 200. ಸೆನ್ಸರ್ ಅಲ್ಲಿ ಮಂದವಾದರೂ ಎನ್‌ಡಿವಿಐ 0.84 ಬರಬೇಕಾದ ಕಡೆ 0.7 ಬರುತ್ತಿತ್ತು, ಹುಲುಸಾದ ಬೆಳೆ ರೋಗ ಬಡಿದಂತೆ ಕಾಣುತ್ತಿತ್ತು. ಫಿಲ್ಟರ್ ಬದಲಿಸಿ ಬದಲಿಸಿ, ಕಸ್ಟಮ್ಸ್ ಸುಂಕವೂ ಸೇರಿ ಸುಮಾರು 40 ಸಾವಿರ ರೂಪಾಯಿ ಕರಗಿತು. ಕೊನೆಗೆ ಕೈಹಿಡಿದದ್ದು ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ನೂರಿನ್ನೂರಕ್ಕೆ ಸಿಗುವ ಕೆಟ್ಟ ವೆಬ್‌ಕ್ಯಾಮ್‌. ಅದರೊಳಗಿನ, ಅವಕೆಂಪನ್ನು ತಡೆಯುವ ಗಾಜಿನ ಚೂರನ್ನು ಕಿತ್ತು ಫಿಲ್ಟರಿನ ಹಿಂದೆ ಕೂರಿಸಿದೆ. ಆ ಗಾಜು 650ರಿಂದಲೇ ಬೆಳಕನ್ನು ಕತ್ತರಿಸತೊಡಗುತ್ತದೆ. ಹಾಗಾಗಿ ಕೆಂಪನ್ನೇ 640ಕ್ಕೆ ಇಳಿಸಿದೆ. ನಮ್ಮ ರಿಸೋರ್ಸ್‌ಸ್ಯಾಟ್ ಉಪಗ್ರಹಗಳ ಕ್ಯಾಮೆರಾ ಲಿಸ್-3ರ ಕೆಂಪು 620ರಿಂದ 680, ಅದರೊಳಗೇ ಇದ್ದೇನೆ.

ಕೆಂಪು ಮುಗಿದು ಅವಕೆಂಪು ಶುರುವಾಗುವ ಅಂಚನ್ನು ಹಿಡಿಯುವ 720ರ ಫಿಲ್ಟರಿನದು ಬೇರೆ ತಕರಾರು. ಚಿತ್ರದ ಮೂಲೆಗಳಿಗೆ ಬೆಳಕು 20 ಡಿಗ್ರಿ ಓರೆಯಾಗಿ ಬಂದರೆ ಬ್ಯಾಂಡ್ ಹತ್ತು ನ್ಯಾನೋಮೀಟರಿನಷ್ಟು ನೀಲಿಯತ್ತ, ಅಂದರೆ ಕಡಿಮೆ ತರಂಗಾಂತರದತ್ತ, ಜಾರುತ್ತದೆ. ಅವಕೆಂಪಿನ 840ರಲ್ಲಿ ಇದು ಲೆಕ್ಕಕ್ಕಿಲ್ಲ, 720ರಲ್ಲಿ ಎಲೆ ಹಿಂದಿರುಗಿಸುವ ಬೆಳಕಿನ ಗ್ರಾಫ್ ಕಡಿದಾಗಿ ಏರುವುದರಿಂದ ಎಲ್ಲವೂ ಕೆಡುತ್ತದೆ. ಕಿರಿದಾದ ನೋಟದ ಲೆನ್ಸ್ ಹಾಕಿದೆ. ಹಾರಾಟದ ಸಾಲುಗಳು ಹೆಚ್ಚಾದವು, ಬ್ಯಾಟರಿ ಖರ್ಚೂ ಹೆಚ್ಚಿತು.

ನಡುವೆ, ಚಿತ್ರದ ಬೆಳಕನ್ನು ಹೋಲಿಸಿ ಅಳೆಯಲು ಬೇಕಾದ ಬಿಳಿ ಫಲಕದ ಹುಚ್ಚೂ ಹಿಡಿದಿತ್ತು. ಪ್ಲಂಬರ್‌ಗಳ ಟೆಫ್ಲಾನ್ ಟೇಪನ್ನು ಟೈಲ್ಸ್ ಮೇಲೆ ಪದರ ಪದರವಾಗಿ ಸುತ್ತಿ ನೋಡಿದೆ. ನಾಲ್ಕೂ ಬ್ಯಾಂಡ್‌ಗಳಲ್ಲಿ ಸಮನಾದ ಬಿಳುಪು. ಗದ್ದೆಯ ಧೂಳು ಕೂತರೆ ಮೇಲಿನ ಪದರ ಸುಲಿದರಾಯಿತು. ನಾಲ್ಕು ಚಿತ್ರಗಳನ್ನು ಒಂದರ ಮೇಲೊಂದು ಕೂರಿಸುವ ಬಗೆಯನ್ನು ಮಾತ್ರ ಹೇಳುವುದಿಲ್ಲ, ಅದು ನನ್ನ ಹೊಟ್ಟೆಪಾಡು.

ಎಲೆಯ ನೀರಿನಂಶಕ್ಕಾಗಿ 1600ರ ಬ್ಯಾಂಡ್ ಕೇಳುವವರಿದ್ದಾರೆ. ಲಿಸ್-3ರಲ್ಲಿ ಅದಿದೆ, ಆದರೆ ನನ್ನ ಕ್ಯಾಮೆರಾಗಳ ಸಿಲಿಕಾನ್ ಸೆನ್ಸರ್ 1100ರಾಚೆ ಕುರುಡು. ಅದರಾಚೆ ಕಾಣುವ ಇಂಡಿಯಂ ಗ್ಯಾಲಿಯಂ ಆರ್ಸೆನೈಡ್ ಸೆನ್ಸರಿನ ಬೆಲೆ ವಿಚಾರಿಸಿದೆ. ಡ್ರೋನ್, ಕ್ಯಾಮೆರಾ ಎಲ್ಲ ಮಾರಿದರೂ ಸಾಲದು.